ಜೀವಂತವಾಗಿ ಹಿಡಿಯುವುದು: ಬೆಸ್ತರ ರೂಪಕವು ಧರ್ಮಸಭೆಯ ಚರಿತ್ರೆಯಲ್ಲಿ ನಡೆದುಬಂದ ದಾರಿ

'ಆಮಿಷ' ಎಂಬ ಶಬ್ದಕ್ಕೆ ಮಾಂಸವೆಂಬುದು ಮೂಲ ಅರ್ಥ. 'ನಿರಾಮಿಷ' ಎಂಬ ಮಾತಿನಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಬೇಟೆಗಾರನು ಬೋನಿನಲ್ಲಿಡುವ ತುಂಡು, ಮೀನು ಹಿಡಿಯುವವನು ಗಾಳಕ್ಕೆ ಸಿಕ್ಕಿಸುವ ಎರೆ ಎಂಬುದು ಅದರಿಂದ ಬೆಳೆದ ಅರ್ಥ. ಆಸೆ ತೋರಿಸಿ ಒಲಿಸಿಕೊಳ್ಳುವುದೆಂಬುದು ಈಗ ರೂಢಿಯಲ್ಲಿರುವ ಅರ್ಥ. ಕರ್ನಾಟಕದಲ್ಲಿ 2022ರಲ್ಲಿ ಜಾರಿಗೆ ಬಂದ, ಜನರು ಮತಾಂತರ ನಿಷೇಧ ಕಾಯ್ದೆಯೆಂದು ಕರೆದ ಶಾಸನದ ಕುರಿತ ಚರ್ಚೆಯುದ್ದಕ್ಕೂ ನಮ್ಮ ಕಿವಿಗೆ ಬಿದ್ದದ್ದು ಇದೇ ಶಬ್ದ. ಕ್ರೈಸ್ತರ ಮೇಲಿನ ಆಪಾದನೆಯು ಮೀನುಗಾರಿಕೆಯ ಭಾಷೆಯಲ್ಲಿದೆ. ಪ್ರೇಷಿತರಿಗೆ ದೊರೆತ ಕರೆಯೂ ಅದೇ ಭಾಷೆಯಲ್ಲಿದೆ. ಸರೋವರದ ದಡದಲ್ಲಿ ಯೇಸುಸ್ವಾಮಿ ಸಿಮೋನನಿಗೂ ಅಂದ್ರೆಯನಿಗೂ ಕೊಟ್ಟ ವಾಗ್ದಾನವನ್ನು ನಾವು ಯಾಜಕದೀಕ್ಷೆಯ ಪ್ರಬೋಧನೆಗಳಲ್ಲಿ ಹರ್ಷದಿಂದ ಸ್ಮರಿಸುತ್ತೇವೆ. ಅದೇ ಮಾತನ್ನು ದೇವಾಲಯದ ಹೊರಗೆ ನಿಂತವರು ಕೇಳಿದಾಗ ಅವರಿಗೆ ಗಾಳವೂ ಎರೆಯೂ ಕಾಣುತ್ತವೆ.

ಈ ಎರಡು ಕೇಳುವಿಕೆಗಳಲ್ಲಿ ಯಾವುದು ಸರಿಯೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ಆದರೆ ರೂಪಕಗಳಿಗೂ ಚರಿತ್ರೆಯುಂಟು. ಮನುಷ್ಯರನ್ನು ಹಿಡಿಯುವ ಬೆಸ್ತರ ಚಿತ್ರವು ಇಪ್ಪತ್ತು ಶತಮಾನಗಳಲ್ಲಿ ಒಂದೇ ಅರ್ಥದಲ್ಲಿ ನಿಂತಿಲ್ಲ. ಹಿಡಿಯುವವನು ಯಾರು, ಹಿಡಿಯಲ್ಪಟ್ಟವನ ಗತಿ ಏನು ಎಂಬ ಎರಡು ಪ್ರಶ್ನೆಗಳಿಗೆ ಆಯಾ ಕಾಲವು ಕೊಟ್ಟ ಉತ್ತರದಂತೆ ಅದು ಶುಭಸಂದೇಶದ ಚಿತ್ರವೂ ಆಗಿದೆ, ಅದಕ್ಕೆ ವಿರುದ್ಧವಾದುದೂ ಆಗಿದೆ. ಆ ದಾರಿಯ ಕೆಲವು ಘಟ್ಟಗಳನ್ನು ಇಲ್ಲಿ ಪರಿಶೀಲಿಸೋಣ.

ಪ್ರವಾದಿಗಳ ಬಲೆ

ಯೇಸುವಿಗೆ ಮೊದಲು ಈ ಚಿತ್ರವು ಭಯದ ಚಿತ್ರವಾಗಿತ್ತು. ಬಡವರನ್ನು ಹಿಂಡುತ್ತಿದ್ದ ಸಮಾರ್ಯದ ಶ್ರೀಮಂತ ಸ್ತ್ರೀಯರಿಗೆ ಪ್ರವಾದಿ ಆಮೋಸನು ನುಡಿದ ದಂಡನೆಯೆಂದರೆ, ಅವರನ್ನು ಕೊಕ್ಕೆ ಗಾಳಗಳಿಂದ ಎಳೆದೊಯ್ಯುವ ದಿನ ಬರುವುದು ಎಂಬುದೇ (ಆಮೋಸ 4:2). ಯೆರೆಮೀಯನಲ್ಲಿ ದೇವರು ಕರೆಸುವ ಬೆಸ್ತರೂ ಬೇಟೆಗಾರರೂ ಅಪರಾಧಿಗಳನ್ನು ಅವಿತಲ್ಲಿಂದ ಹಿಡಿದು ತರುವವರು (ಯೆರೆಮೀಯ 16:16). ಹಬಕ್ಕೂಕನ ಮೊದಲ ಅಧ್ಯಾಯವಂತೂ ಈ ಚಿತ್ರವನ್ನು ಅದರ ಕೊನೆಯವರೆಗೂ ಎಳೆದಿದೆ. ಬಾಬಿಲೋನಿನ ಸಾಮ್ರಾಜ್ಯವು ಜನಾಂಗಗಳನ್ನು ಮೀನುಗಳಂತೆ ಗಾಳದಿಂದ ಎತ್ತುತ್ತದೆ, ಬಲೆಯಲ್ಲಿ ಬಾಚುತ್ತದೆ. ತನ್ನ ಊಟವನ್ನು ಸಮೃದ್ಧಗೊಳಿಸಿದ್ದು ಬಲೆಯೇ ಎಂದು ನಂಬಿ ಕೊನೆಗೆ ಆ ಬಲೆಗೇ ಬಲಿಯನ್ನೂ ಧೂಪವನ್ನೂ ಅರ್ಪಿಸುತ್ತದೆ (ಹಬಕ್ಕೂಕ 1:14-17).

ಬಲೆಯ ಪೂಜೆಯೆಂಬ ಈ ಮಾತನ್ನು ಮಿಷನ್ ಚರಿತ್ರೆಯ ವಿದ್ಯಾರ್ಥಿಗಳು ಮರೆಯಬಾರದು. ಸಾಧನವು ಫಲ ಕೊಟ್ಟಾಗ ಸಾಧನವೇ ದೇವರಾಗುವ ಅಪಾಯವನ್ನು ಪ್ರವಾದಿಯು ಧರ್ಮಸಭೆ ಹುಟ್ಟುವುದಕ್ಕಿಂತ ಆರು ಶತಮಾನಗಳ ಹಿಂದೆಯೇ ಕಂಡಿದ್ದನು.

ಸರೋವರದ ಬಲೆ

ಗಲಿಲೇಯ ಸರೋವರವು ಸುಮಾರು 21 ಕಿ.ಮೀ. ಉದ್ದದ, ಹೆಚ್ಚೆಂದರೆ 13 ಕಿ.ಮೀ. ಅಗಲದ ಸಿಹಿನೀರಿನ ಕೊಳ. ಅದರ ದಡದ ಬದುಕು ಮೀನಿನ ಸುತ್ತ ನಡೆಯುತ್ತಿತ್ತು. ಮಗ್ದಲಾ ಊರಿನೊಂದಿಗೆ ವಿದ್ವಾಂಸರು ಗುರುತಿಸುವ ತಾರಿಖೇಯಾ ಎಂಬ ಗ್ರೀಕ್ ಹೆಸರು ಮೀನಿಗೆ ಉಪ್ಪು ಹಾಕಿ ಕಾಪಿಡುವ ಕಸುಬನ್ನೇ ಸೂಚಿಸುತ್ತದೆ. 1986ರಲ್ಲಿ ನೀರು ಇಳಿದಾಗ ವಾಯವ್ಯ ದಡದ ಕೆಸರಿನಲ್ಲಿ ಆ ಕಾಲದ ಒಂದು ದೋಣಿ ದೊರೆಯಿತು. ಅದರ ಉದ್ದ ಎಂಟು ಮೀಟರಿಗಿಂತ ತುಸು ಹೆಚ್ಚು. ಬಗೆಬಗೆಯ ಮರದ ತುಂಡುಗಳಿಂದ ಮತ್ತೆ ಮತ್ತೆ ತೇಪೆ ಹಾಕಿಸಿಕೊಂಡ ದೋಣಿಯದು. ಜೆಬೆದಾಯನ ದೋಣಿಯಲ್ಲಿ ಕೂಲಿಯಾಳುಗಳಿದ್ದರೆಂದು ಮಾರ್ಕನು ತಿಳಿಸುತ್ತಾನೆ (ಮಾರ್ಕ 1:20). ಇರುಳೆಲ್ಲ ದುಡಿಯುವುದು, ಹಗಲು ಬಲೆ ತೊಳೆಯುವುದು, ಹರಿದುದನ್ನು ಹೆಣೆಯುವುದು ಅವರ ದಿನಚರಿಯಾಗಿತ್ತು.

ಶುಭಸಂದೇಶಗಳು ಹೆಸರಿಸುವ ಬಲೆಗಳು ಬೇರೆಬೇರೆ. ಸಿಮೋನ ಮತ್ತು ಅಂದ್ರೆಯರು ಬೀಸುತ್ತಿದ್ದುದು ನಮ್ಮ ಕರಾವಳಿಯವರು ಬೀಸುಬಲೆಯೆನ್ನುವ ದುಂಡನೆಯ ಬಲೆ. ಸ್ವರ್ಗಸಾಮ್ರಾಜ್ಯವನ್ನು ಹೋಲಿಸಿದ್ದು ದಡಕ್ಕೆ ಎಳೆಯುವ ದೊಡ್ಡ ಬಲೆಗೆ (ಮತ್ತಾಯ 13:47). ಮಲ್ಪೆಯಿಂದ ಕಾರವಾರದವರೆಗಿನ ಊರುಗಳಲ್ಲಿ ರಂಪಣಿ ಎಳೆಯುವುದನ್ನು ಕಂಡವರಿಗೆ ಈ ಸಾಮತಿ ಬೇಗ ಅರ್ಥವಾಗುತ್ತದೆ. ಎರಡು ತುದಿಗಳನ್ನು ಹಿಡಿದು ಹಲವು ಜನ ಒಟ್ಟಾಗಿ ಎಳೆಯಬೇಕು. ಬಂದದ್ದನ್ನೆಲ್ಲ ದಡಕ್ಕೆ ತರಬೇಕು. ವಿಂಗಡಿಸುವ ಕೆಲಸ ಆಮೇಲಿನದು, ಸಾಮತಿಯ ಪ್ರಕಾರ ಅದು ದೇವದೂತರದು. ಇನ್ನು ಗಾಳವು ಹೊಸ ಒಡಂಬಡಿಕೆಯಲ್ಲೆಲ್ಲ ಒಂದೇ ಒಂದು ಸಲ ಕಾಣಿಸಿಕೊಳ್ಳುತ್ತದೆ: ದೇವಾಲಯದ ತೆರಿಗೆಗಾಗಿ ಪೇತ್ರನು ನಾಣ್ಯವುಳ್ಳ ಮೀನನ್ನು ಹಿಡಿದಾಗ (ಮತ್ತಾಯ 17:27). ಮನುಷ್ಯರನ್ನು ಹಿಡಿಯುವ ಮಾತು ಬಂದಲ್ಲಿ ಗಾಳವೂ ಇಲ್ಲ, ಎರೆಯೂ ಇಲ್ಲ.

ಸಂತ ಲೂಕನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಪೇತ್ರನಿಗೆ ಕೊಟ್ಟ ವಾಗ್ದಾನದಲ್ಲಿ (ಲೂಕ 5:10) ಅವನು ಮೀನು ಹಿಡಿಯುವ ಸಾಮಾನ್ಯ ಕ್ರಿಯಾಪದವನ್ನು ಬಿಟ್ಟು 'ಜೋಗ್ರೆಓ' ಎಂಬ ಗ್ರೀಕ್ ಪದವನ್ನು ಆರಿಸಿಕೊಂಡಿದ್ದಾನೆ. 'ಜೀವಂತವಾಗಿ ಹಿಡಿ' ಎಂಬುದು ಅದರ ಅರ್ಥ. ಯುದ್ಧದಲ್ಲಿ ಕೊಲ್ಲದೆ ಜೀವ ಉಳಿಸುವುದಕ್ಕೂ ಆ ಪದ ಸಲ್ಲುತ್ತಿತ್ತು. ಯೆರಿಕೋವಿನ ರಾಹಾಬಳು ತನ್ನ ತಂದೆಯ ಮನೆಯವರ ಪ್ರಾಣ ಉಳಿಸಬೇಕೆಂದು ಬೇಡುವಲ್ಲಿ ಗ್ರೀಕ್ ಹಳೆಯ ಒಡಂಬಡಿಕೆಯು ಇದೇ ಪದವನ್ನು ಬಳಸಿದೆ (ಯೆಹೋಶುವ 2:13). ಪ್ರವಾದಿಗಳಲ್ಲಿ ಬಲೆಯು ನಾಶದ ಸಾಧನ. ಲೂಕನಲ್ಲಿ ಅದು ನಾಶದಿಂದ ಬಿಡಿಸುವ ಸಾಧನ. ಗಮನಿಸಬೇಕಾದ ಇನ್ನೊಂದು ಸಂಗತಿಯೂ ಇದೆ. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವ ಮತ್ತೊಂದೇ ಸ್ಥಳದಲ್ಲಿ ಹಾಗೆ ಸೆರೆಹಿಡಿದ ಕೆಲಸವನ್ನು ಸೈತಾನನ ಉರುಲಿನೊಂದಿಗೆ ಹೇಳಲಾಗಿದೆ (2 ತಿಮೊಥೇಯ 2:26). ಒಂದೇ ಕ್ರಿಯಾಪದವು ಪ್ರೇಷಿತನಿಗೂ ವಂಚಕನಿಗೂ ಸಲ್ಲಬಲ್ಲದೆಂಬ ಎಚ್ಚರಿಕೆ ಪವಿತ್ರ ಗ್ರಂಥದಲ್ಲೇ ಅಡಗಿದೆ.

ಮೊದಲು ಮೀನು, ಆಮೇಲೆ ಬೆಸ್ತ

ಆದಿ ಶತಮಾನಗಳ ಕ್ರೈಸ್ತರು ಈ ಚಿತ್ರದಲ್ಲಿ ತಮ್ಮ ಸ್ಥಾನವನ್ನು ಎಲ್ಲಿ ಕಂಡುಕೊಂಡರು? ಬಹುಮಟ್ಟಿಗೆ ದೋಣಿಯಲ್ಲಲ್ಲ, ನೀರಿನಲ್ಲಿ. ಸುಮಾರು 200ರಲ್ಲಿ ಕಾರ್ಥೇಜಿನ ತೆರ್ತುಲಿಯನನು ಸ್ನಾನದೀಕ್ಷೆಯನ್ನು ಕುರಿತ ತನ್ನ ಕಿರುಗ್ರಂಥದ ಆರಂಭದಲ್ಲಿ ಕ್ರೈಸ್ತರನ್ನು ಪುಟ್ಟ ಮೀನುಗಳೆಂದು ಕರೆದನು. 'ಇಖ್ತುಸ್', ಅಂದರೆ ಮೀನು, ಎಂಬ ಗ್ರೀಕ್ ಪದದ ಅಕ್ಷರಗಳಲ್ಲಿ ಯೇಸು ಕ್ರಿಸ್ತ, ದೇವಪುತ್ರ, ರಕ್ಷಕ ಎಂಬ ವಿಶ್ವಾಸ ಪ್ರಕಟಣೆ ಹುದುಗಿತ್ತು. ಆ ದೊಡ್ಡ ಮೀನಿನ ಮಾದರಿಯಲ್ಲಿ ತಾವು ನೀರಿನಲ್ಲಿ ಹುಟ್ಟಿದವರು, ನೀರಿನಲ್ಲಿ ಉಳಿದಷ್ಟು ಕಾಲವೇ ಬದುಕುವವರು ಎಂಬುದು ಅವನ ವಾದ. ಫ್ರಿಜಿಯದ ಅಬೆರ್ಕಿಯನು ಎರಡನೆಯ ಶತಮಾನದ ಕೊನೆಯಲ್ಲಿ ತನ್ನ ಸಮಾಧಿಗಾಗಿ ಬರೆಸಿದ ಶಾಸನದಲ್ಲಿ ಮೀನೆಂದರೆ ಪರಮಪ್ರಸಾದದ ಕ್ರಿಸ್ತನೇ. 1883ರಲ್ಲಿ ಈ ಶಾಸನದ ತುಣುಕುಗಳು ದೊರೆತವು. ಅವು ಈಗ ವ್ಯಾಟಿಕನ್ ಸಂಗ್ರಹಾಲಯದಲ್ಲಿವೆ.

ಅಲೆಕ್ಸಾಂಡ್ರಿಯದ ಕ್ಲೆಮೆಂತನಲ್ಲಿ ಬೆಸ್ತನು ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತಾನೆ. ಕ್ರೈಸ್ತರು ಮುದ್ರೆಯುಂಗುರದಲ್ಲಿ ಮೀನು ಹಿಡಿಯುವವನ ಚಿತ್ರವನ್ನು ಕೊರೆಯಿಸಿದರೆ ಪ್ರೇಷಿತನೂ ನೀರಿನಿಂದೆತ್ತಿದ ಮಕ್ಕಳೂ ನೆನಪಿಗೆ ಬರುವರೆಂದು ಅವನು ಹೇಳುತ್ತಾನೆ. ಅವನ ಗ್ರಂಥದ ಕೊನೆಯಲ್ಲಿರುವ ಸ್ತೋತ್ರದಲ್ಲಿ ಮನುಷ್ಯರ ಬೆಸ್ತನು ಕ್ರಿಸ್ತನೊಬ್ಬನೇ. ಅಲ್ಲಿ ಸೆಳೆಯುವ ಮಾತೂ ಇದೆ, ಆದರೆ ಸೆಳೆಯಲು ಒಡ್ಡಿದ್ದು ಸವಿಯಾದ ಜೀವ, ಸೆಳೆದು ಕೊಡುವುದೂ ಅದೇ ಜೀವ. ಎರೆಯ ಹಿಂದೆ ಬೇರೊಂದು ಉದ್ದೇಶ ಅಡಗಿಲ್ಲ. ನಿಸ್ಸದ ಸಂತ ಗ್ರೆಗೋರಿಯು ಎರೆಯಲ್ಲಿ ಗಾಳವನ್ನು ಮರೆಮಾಡುವ ಚಿತ್ರವನ್ನು ಬಳಸಿದ್ದು ನಿಜ. ಕ್ರಿಸ್ತನ ಮಾನವದೇಹದೊಳಗೆ ದೈವತ್ವವು ಗಾಳದಂತೆ ಅಡಗಿತ್ತೆಂದು ಅವನು ಬರೆದನು. ಆದರೆ ಅಲ್ಲಿ ಗಾಳ ನುಂಗುವ ಮೀನು ಸೈತಾನ. ವಂಚನೆಗೆ ಸಿಕ್ಕುವವನು ವಂಚಕನು, ಮನುಷ್ಯನಲ್ಲ.

ಮಿಲಾನಿನ ಸಂತ ಅಂಬ್ರೋಸನು ಲೂಕನ ಶುಭಸಂದೇಶವನ್ನು ವ್ಯಾಖ್ಯಾನಿಸುತ್ತ ಪ್ರೇಷಿತರ ಸಾಧನ ಬಲೆಯಾಗಿರುವುದಕ್ಕೆ ಕಾರಣ ಕೊಟ್ಟನು: ಬಲೆಯು ಸಿಕ್ಕಿದ್ದನ್ನು ಕೊಲ್ಲುವುದಿಲ್ಲ, ಉಳಿಸಿಕೊಂಡು ಆಳದಿಂದ ಬೆಳಕಿಗೆ ತರುತ್ತದೆ. ಸಂತ ಅಗಸ್ಟೀನನು ಎರಡು ಮೀನುಬೇಟೆಗಳನ್ನು ಹೋಲಿಸಿದನು. ಲೂಕನಲ್ಲಿ ಬಲೆ ಹರಿಯುತ್ತದೆ, ಒಳ್ಳೆಯದೂ ಕೆಟ್ಟದೂ ಬೆರೆತಿದೆ. ಅದು ಈ ಲೋಕದಲ್ಲಿನ ಧರ್ಮಸಭೆ. ಪುನರುತ್ಥಾನದ ಬಳಿಕ ಯೊವಾನ್ನನು ಹೇಳುವ ಬೇಟೆಯಲ್ಲಿ 153 ಮೀನುಗಳಿದ್ದರೂ ಬಲೆ ಹರಿಯಲಿಲ್ಲ (ಯೊವಾನ್ನ 21:11). ಅದು ಮುಂಬರುವ ಲೋಕದ ಧರ್ಮಸಭೆ. ಒಂದರಿಂದ ಹದಿನೇಳರವರೆಗಿನ ಅಂಕಿಗಳನ್ನು ಕೂಡಿಸಿದರೆ 153 ಆಗುತ್ತದೆ. ಹದಿನೇಳೆಂದರೆ ಹತ್ತು ಕಟ್ಟಳೆಗಳೂ ಪವಿತ್ರಾತ್ಮರ ಏಳು ವರಗಳೂ ಎಂಬ ಅವನ ಲೆಕ್ಕ ಇಂದಿನ ವ್ಯಾಖ್ಯಾನಕಾರರಿಗೆ ಒಪ್ಪಿಗೆಯಾಗದಿರಬಹುದು. ಆ ಲೆಕ್ಕದ ಹಿಂದಿನ ಅರಿವು ಮಾತ್ರ ಗಟ್ಟಿಯಾದುದು: ಪರಿಪೂರ್ಣವಾದ ಎಣಿಕೆ ದಡದಲ್ಲಿ ನಿಂತ ಪ್ರಭುವಿನದು, ದೋಣಿಯಲ್ಲಿರುವವರದಲ್ಲ.

ಮೀನು ಹಿಡಿಯಲು ಕಲಿಸಿದ ಧರ್ಮಾಧ್ಯಕ್ಷ

ರೂಪಕವೂ ಕಸುಬೂ ಒಂದೇ ಘಟನೆಯಲ್ಲಿ ಕೂಡಿಬಂದ ನಿದರ್ಶನವು ಸಂತ ಬೀಡನು 731ರಲ್ಲಿ ಮುಗಿಸಿದ ಆಂಗ್ಲ ಜನಾಂಗದ ಧರ್ಮಸಭೆಯ ಚರಿತ್ರೆಯಲ್ಲಿದೆ. ತನ್ನ ಧರ್ಮಪ್ರಾಂತದಿಂದ ಹೊರದೂಡಲ್ಪಟ್ಟ ಧರ್ಮಾಧ್ಯಕ್ಷ ವಿಲ್ಫ್ರಿಡನು 680ರ ದಶಕದಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಸಸೆಕ್ಸ್ ನಾಡಿಗೆ ಬಂದನು. ಮೂರು ವರ್ಷಗಳಿಂದ ಅಲ್ಲಿ ಮಳೆಯಿರಲಿಲ್ಲ. ಹಸಿವಿನಿಂದ ಬೇಸತ್ತ ಜನರು ನಲವತ್ತು ಐವತ್ತು ಮಂದಿಯ ಗುಂಪುಗಳಾಗಿ ಕೈಕೈ ಹಿಡಿದು ಕಡಿದಾದ ದಡದಿಂದ ಹಾರಿ ಸಾಯುತ್ತಿದ್ದರೆಂದು ಬೀಡನು ಬರೆಯುತ್ತಾನೆ. ಅದೇ ನಾಡಿನ ಬೋಶಮಿನಲ್ಲಿ ಐದಾರು ಮಂದಿ ಸಂನ್ಯಾಸಿಗಳ ಚಿಕ್ಕ ಮಠವೊಂದಿತ್ತು. ಅವರು ಬಡತನದಲ್ಲಿ ಬಾಳುತ್ತ ದೇವರನ್ನು ಸೇವಿಸುತ್ತಿದ್ದರು. ಆದರೆ ಊರವರಲ್ಲಿ ಒಬ್ಬನೂ ಅವರ ಬೋಧನೆಗೆ ಕಿವಿಗೊಟ್ಟಿರಲಿಲ್ಲ.

ಸಮುದ್ರವೂ ನದಿಗಳೂ ಮೀನಿನಿಂದ ತುಂಬಿದ್ದರೂ ಆ ಜನರಿಗೆ ಹಾವುಮೀನು ಹಿಡಿಯುವುದರ ಹೊರತು ಬೇರೆ ಬಗೆಯ ಮೀನುಗಾರಿಕೆ ತಿಳಿದಿರಲಿಲ್ಲ. ವಿಲ್ಫ್ರಿಡನ ಸಂಗಡಿಗರು ಹಾವುಮೀನಿನ ಬಲೆಗಳನ್ನೇ ಎಲ್ಲೆಡೆಯಿಂದ ಕೂಡಿಸಿ ಸಮುದ್ರಕ್ಕಿಳಿಸಿ ಮುನ್ನೂರು ಮೀನು ಹಿಡಿದರು. ನೂರು ಬಡವರಿಗೆ, ನೂರು ಬಲೆ ಕೊಟ್ಟವರಿಗೆ, ನೂರು ತಮಗೆ ಎಂದು ಹಂಚಿದರು. ಈ ಉಪಕಾರದಿಂದ ಜನರ ಮನಸ್ಸು ಗೆದ್ದಿತು, ಐಹಿಕ ಹಿತವನ್ನು ಕೊಟ್ಟವನ ಮಾತಿನಿಂದ ಅವರು ಸ್ವರ್ಗೀಯ ಹಿತವನ್ನೂ ನಿರೀಕ್ಷಿಸತೊಡಗಿದರು ಎಂದು ಬೀಡನು ಸಂಕೋಚವಿಲ್ಲದೆ ಹೇಳುತ್ತಾನೆ. ಅನಂತರ ಅರಸನು ಸೆಲ್ಸಿಯ ಭೂಮಿಯನ್ನು ಅದರ ಮೇಲಿದ್ದ ಜನರೊಂದಿಗೆ ವಿಲ್ಫ್ರಿಡನಿಗೆ ದಾನವಾಗಿ ಕೊಟ್ಟಾಗ, ಅಲ್ಲಿದ್ದ 250 ಮಂದಿ ದಾಸದಾಸಿಯರಿಗೆ ಅವನು ಸ್ನಾನದೀಕ್ಷೆಯ ಜೊತೆಗೆ ಬಿಡುಗಡೆಯನ್ನೂ ಕೊಟ್ಟನು.

ಇದು ಆಮಿಷವೇ? ಇಂದಿನ ಆಪಾದಕನು ಹೌದೆನ್ನಬಹುದು. ಅರಸನು ಮೊದಲೇ ಕ್ರೈಸ್ತನಾಗಿದ್ದನು, ಜನರು ಹಸಿದಿದ್ದರು, ದಾಸರಿಗೆ ಆಯ್ಕೆಯ ಸ್ವಾತಂತ್ರ್ಯ ಎಷ್ಟಿತ್ತು ಎಂಬ ಪ್ರಶ್ನೆಗಳನ್ನು ನಾವೂ ಕೇಳಬೇಕು. ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಎರೆಯನ್ನು ಒಡ್ಡುವವನು ಮೀನಿಗೆ ಹಸಿವು ನೀಗಲೆಂದು ಒಡ್ಡುವುದಿಲ್ಲ. ದಾರವನ್ನು ತನ್ನ ಕೈಯಲ್ಲಿಟ್ಟುಕೊಂಡೇ ಒಡ್ಡುತ್ತಾನೆ. ವಿಲ್ಫ್ರಿಡನು ಕೊಟ್ಟದ್ದು ಒಂದು ವಿದ್ಯೆ. ಕಲಿತವನು ಮರುದಿನ ತಾನೇ ದೋಣಿಯಿಳಿಸಬಲ್ಲನು. ಕಲಿಸಿದವನಿಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಹಿಂದಕ್ಕೆ ತೆಗೆದುಕೊಳ್ಳಲಾಗದ ಉಪಕಾರವು ಗಾಳವಾಗಲಾರದು.

ಮುದ್ರೆಯಾದ ಬಲೆ

ಮಧ್ಯಯುಗದಲ್ಲಿ ಚಿತ್ರದ ಭಾರವು ಮೀನಿನಿಂದ ಬೆಸ್ತನ ಕಡೆಗೆ ಸರಿಯಿತು. ದೋಣಿಯಿಂದ ಬಲೆ ಬೀಸುವ ಪೇತ್ರನನ್ನು ಕೆತ್ತಿದ 'ಬೆಸ್ತನ ಉಂಗುರ'ದ ಉಲ್ಲೇಖವು ನಾಲ್ಕನೆಯ ಕ್ಲೆಮೆಂತ್ ಜಗದ್ಗುರುಗಳು 1265ರಲ್ಲಿ ತಮ್ಮ ಬಂಧುವಿಗೆ ಬರೆದ ಪತ್ರದಲ್ಲಿ ಮೊದಲು ಸಿಗುತ್ತದೆ. ಆಗ ಅದು ಖಾಸಗಿ ಓಲೆಗಳ ಮುದ್ರೆಯಾಗಿತ್ತು. ಹದಿನೈದನೆಯ ಶತಮಾನದಿಂದ ಅದು ಅಧಿಕೃತ ಪತ್ರಗಳ ಮುದ್ರೆಯಾಯಿತು. ಕ್ಲೆಮೆಂತನ ಕಾಲದ ಸಾಮಾನ್ಯ ಕ್ರೈಸ್ತನು ಧರಿಸಬಹುದಾಗಿದ್ದ ಚಿತ್ರವು ಅಧಿಕಾರದ ಗುರುತಾಯಿತು. ಇದರಲ್ಲಿ ದೋಷವೆಣಿಸಬೇಕಾಗಿಲ್ಲ. ಪೇತ್ರನ ಸೇವೆಯನ್ನು ಬೆಸ್ತನ ಕಸುಬಿನಿಂದ ಗುರುತಿಸುವುದು ವಿನಯದ ಮಾತೂ ಹೌದು. ಆದರೆ ಬೆಸ್ತನು ತಾನೂ ಹಿಡಿಯಲ್ಪಟ್ಟ ಮೀನೆಂಬುದನ್ನು ಮರೆಯುವುದು ಆಗಿನಿಂದ ಹೆಚ್ಚು ಸುಲಭವಾಯಿತು.

ಮುತ್ತಿನ ತೀರ ಮತ್ತು ಮತ್ಸ್ಯನ್ಯಾಯ

ಹದಿನಾರನೆಯ ಶತಮಾನದಲ್ಲಿ ಬಲೆಯು ಸಾಮ್ರಾಜ್ಯದ ಹಡಗಿನೊಂದಿಗೆ ಹಿಂದೂ ಮಹಾಸಾಗರಕ್ಕೆ ಬಂದಿತು. ತಮಿಳು ನಾಡಿನ ಮುತ್ತಿನ ತೀರದ ಪರವರು ಮೀನು ಹಿಡಿಯುವವರು, ಮುತ್ತಿನ ಚಿಪ್ಪಿಗಾಗಿ ಕಡಲಾಳಕ್ಕೆ ಮುಳುಗುವವರು. ಎದುರಾಳಿಗಳ ಹಾವಳಿಯಿಂದ ನೊಂದು, ಪೋರ್ಚುಗೀಸರ ರಕ್ಷಣೆ ಬೇಡಲು ತಾವೇ ಕೊಚ್ಚಿಗೆ ನಿಯೋಗ ಕಳುಹಿಸಿದರು. 1530ರ ದಶಕದ ನಡುವಿನಲ್ಲಿ ಅವರ ಸಮುದಾಯವು ಸಾಮೂಹಿಕವಾಗಿ ಸ್ನಾನದೀಕ್ಷೆ ಪಡೆಯಿತು. 1542ರ ಅಕ್ಟೋಬರಿನಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರು ಅಲ್ಲಿಗೆ ಬಂದಾಗ, ಆ ಜನರಿಗೆ ತಾವು ಕ್ರೈಸ್ತರೆಂಬುದರ ಹೊರತು ವಿಶ್ವಾಸದ ವಿಷಯ ಹೆಚ್ಚೇನೂ ತಿಳಿದಿರಲಿಲ್ಲ. ಅವರು ಕೆಲವರ ನೆರವಿನಿಂದ ಪ್ರಾರ್ಥನೆಗಳನ್ನು ತಮಿಳಿಗೆ ತಂದು, ಬಾಯಿಪಾಠ ಮಾಡಿ, ಊರಿಂದೂರಿಗೆ ನಡೆದು ಕಲಿಸಿದರು. 1544ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಸ್ನಾನದೀಕ್ಷೆ ಕೊಟ್ಟು ಕೊಟ್ಟು ಸೋತ ತೋಳುಗಳ ಮಾತಿದೆ. ಆ ವರ್ಷಗಳ ಪತ್ರಗಳಲ್ಲಿ ಪೋರ್ಚುಗೀಸ್ ಅಧಿಕಾರಿಗಳ ಅನ್ಯಾಯಗಳ ಕುರಿತ ಕಟುವಾದ ದೂರುಗಳೂ ಇವೆ.

ರಕ್ಷಣೆಯು ಇಲ್ಲಿ ಎರೆಯಾಗಿತ್ತೇ ಎಂಬ ಪ್ರಶ್ನೆಯನ್ನು ಚರಿತ್ರೆ ತಳ್ಳಿಹಾಕುವುದಿಲ್ಲ. ರಾಜಕೀಯ ಲಾಭವಿಲ್ಲದೆ ಆ ಸಾಮೂಹಿಕ ದೀಕ್ಷೆ ನಡೆಯುತ್ತಿರಲಿಲ್ಲ. ಆದರೆ ಎರಡು ಸಂಗತಿಗಳು ಆ ಉತ್ತರಕ್ಕೆ ಮಿತಿ ಹಾಕುತ್ತವೆ. ಮೊದಲನೆಯದು, ಪರವರು ಸುಮ್ಮನೆ ಸಿಕ್ಕಿಬಿದ್ದವರಲ್ಲ. ಮೀನು ಬಲೆಯ ಬಳಿಗೆ ನಿಯೋಗ ಕಳುಹಿಸುವುದಿಲ್ಲ, ಮನುಷ್ಯರು ಕಳುಹಿಸುತ್ತಾರೆ. ರೂಪಕವು ಇಲ್ಲಿಗೆ ಸೋಲುತ್ತದೆ. ಎರಡನೆಯದು, 1658ರಲ್ಲಿ ಡಚ್ಚರು ತೂತ್ತುಕುಡಿಯನ್ನು ಕೈವಶ ಮಾಡಿಕೊಂಡಾಗ ಪೋರ್ಚುಗೀಸರ ರಕ್ಷಣೆ ಮುಗಿಯಿತು. ಹೊಸ ಒಡೆಯರು ಕಥೋಲಿಕ ವಿಶ್ವಾಸಕ್ಕೆ ವಿರೋಧಿಗಳು. ಲಾಭದ ಲೆಕ್ಕದಂತೆ ಆ ಜನರು ವಿಶ್ವಾಸವನ್ನು ಬಿಡಬೇಕಾಗಿತ್ತು. ಬಿಡಲಿಲ್ಲ. ಎರೆ ತೀರಿದ ಮೇಲೂ ಉಳಿದದ್ದು ಏನೆಂಬುದನ್ನು ಆಮಿಷದ ವಾದವು ವಿವರಿಸಲಾರದು. ತಮ್ಮ ನುಡಿಯಲ್ಲಿ ಕಲಿತ ಪ್ರಾರ್ಥನೆಗಳು ಅದನ್ನು ಸ್ವಲ್ಪಮಟ್ಟಿಗೆ ವಿವರಿಸುತ್ತವೆ.

ಅದೇ ಶತಮಾನದಲ್ಲಿ ಅಟ್ಲಾಂಟಿಕಿನ ಆಚೆ ಈ ಚಿತ್ರವು ತಲೆಕೆಳಗಾಯಿತು. ಬ್ರೆಜಿಲಿನ ಮರಾನ್ಯಾವ್ ಪ್ರಾಂತದಲ್ಲಿ ಪೋರ್ಚುಗೀಸ್ ವಲಸಿಗರು ಮೂಲನಿವಾಸಿಗಳನ್ನು ದಾಸರನ್ನಾಗಿಸುತ್ತಿದ್ದರು. ಯೇಸುಸಭೆಯ ಆಂತೋನಿಯೊ ವಿಯೇರರು 1654ರ ಜೂನ್ 13ರಂದು, ಪಾದುವದ ಸಂತ ಅಂತೋಣಿಯವರ ಹಬ್ಬದ ದಿನ, ಸಾವ್ ಲೂಯಿಸಿನಲ್ಲಿ ಪ್ರಬೋಧನೆ ನೀಡಿದರು. ಜನರು ಕೇಳದಿದ್ದಾಗ ಸಂತ ಅಂತೋಣಿಯವರು ಮೀನುಗಳಿಗೆ ಬೋಧಿಸಿದರೆಂಬ ಐತಿಹ್ಯವನ್ನು ಹಿಡಿದು ಅವರೂ ಮೀನುಗಳನ್ನೇ ಸಂಬೋಧಿಸಿದರು. ಮೀನುಗಳ ಮೇಲೆ ಅವರು ಹೊರಿಸಿದ ದೊಡ್ಡ ಅಪರಾಧವೆಂದರೆ, ನೀವು ಒಂದನ್ನೊಂದು ತಿನ್ನುತ್ತೀರಿ, ಅದರಲ್ಲೂ ದೊಡ್ಡವು ಚಿಕ್ಕವನ್ನು ತಿನ್ನುತ್ತವೆ ಎಂಬುದು. ನಮ್ಮ ನೀತಿಶಾಸ್ತ್ರಗಳು ಇದನ್ನೇ ಮತ್ಸ್ಯನ್ಯಾಯವೆಂದು ಕರೆದಿವೆ. ಕೇಳುತ್ತಿದ್ದ ವಲಸಿಗರಿಗೆ ಮಾತಿನ ಗುರಿ ತಿಳಿಯದಿರಲಿಲ್ಲ. ಕೆಲವೇ ದಿನಗಳಲ್ಲಿ ವಿಯೇರರು ಮೂಲನಿವಾಸಿಗಳಿಗಾಗಿ ಅರಸನ ಬಳಿ ನ್ಯಾಯ ಕೇಳಲು ಲಿಸ್ಬನ್ನಿಗೆ ಹಡಗು ಹತ್ತಿದರು. 1661ರಲ್ಲಿ ವಲಸಿಗರು ಅವರನ್ನೂ ಅವರ ಸಹೋದರರನ್ನೂ ಆ ಪ್ರಾಂತದಿಂದ ಹೊರಗಟ್ಟಿದರು. ಹಬಕ್ಕೂಕನ ದೂರನ್ನು ಹೀಗೆ ಧರ್ಮಸಭೆಯ ಪ್ರಬೋಧನ ಪೀಠದಿಂದಲೇ ಕ್ರೈಸ್ತ ಸಾಮ್ರಾಜ್ಯದ ವಿರುದ್ಧ ನುಡಿಯಲಾಯಿತು.

ಮಹಾಸಭೆಯ ಮಾತು ಮತ್ತು ನಮ್ಮ ಹೊಣೆ

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ ಪತ್ರಗಳಲ್ಲಿ ಎರಡು ಇಲ್ಲಿ ಮುಖ್ಯ. ಮಿಷನ್ ಕಾರ್ಯವನ್ನು ಕುರಿತ ಪತ್ರವು ತನ್ನ 13ನೆಯ ಪ್ಯಾರಾದಲ್ಲಿ ಯಾರನ್ನೇ ಆಗಲಿ ವಿಶ್ವಾಸಕ್ಕೆ ಬಲವಂತಪಡಿಸುವುದನ್ನೂ ಅಯೋಗ್ಯ ಉಪಾಯಗಳಿಂದ ಸೆಳೆಯುವುದನ್ನೂ ಕಟ್ಟುನಿಟ್ಟಾಗಿ ನಿಷೇಧಿಸಿದೆ. ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತ ಪತ್ರವು ಬಡವರ ಮತ್ತು ಓದುಬರಹವಿಲ್ಲದವರ ವಿಷಯದಲ್ಲಿ ಈ ಎಚ್ಚರ ಹೆಚ್ಚಾಗಿರಬೇಕೆಂದು ಹೇಳಿದೆ. ಆಮಿಷವನ್ನು ನಿಷೇಧಿಸಲು ಧರ್ಮಸಭೆಗೆ ಯಾವ ರಾಜ್ಯದ ಕಾಯ್ದೆಯೂ ಬೇಕಾಗಿರಲಿಲ್ಲ. ಅದರಂತೆಯೇ, ಕಾಯ್ದೆಯಿದೆಯೆಂದು ಅಂಜಿ ಶುಭಸಂದೇಶವನ್ನು ಹಂಚಿಕೊಳ್ಳುವುದನ್ನು ಬಿಡಲೂ ಅದಕ್ಕೆ ಬರುವುದಿಲ್ಲ. ಅದೇ ಮಹಾಸಭೆಯು ಧರ್ಮಸಭೆಯನ್ನು ಅದರ ಸ್ವಭಾವದಿಂದಲೇ ಕಳುಹಿಸಲ್ಪಟ್ಟ ಸಭೆಯೆಂದು ಕರೆದಿದೆ.

ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು 2005ರ ಏಪ್ರಿಲ್ 24ರಂದು ಬೆಸ್ತನ ಉಂಗುರ ಧರಿಸಿದ ಬಲಿಪೂಜೆಯಲ್ಲಿ ಸಭಾಪಿತೃಗಳ ಒಂದು ಆಲೋಚನೆಯನ್ನು ನೆನಪಿಸಿದರು. ನೀರಿನಿಂದ ಹೊರತೆಗೆದ ಮೀನು ಸಾಯುತ್ತದೆ, ಮನುಷ್ಯರ ವಿಷಯದಲ್ಲಿ ನಡೆಯುವುದು ಅದಕ್ಕೆ ವಿಪರೀತ, ಸಾವಿನ ಉಪ್ಪುನೀರಿನಿಂದ ಅವರು ಜೀವಕ್ಕೆ ಬರುತ್ತಾರೆ. ಲೂಕನ ಕ್ರಿಯಾಪದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಾಗಿಲ್ಲ. ಆದರೆ ಆ ಮಾತು ನಿಜವಾಗುವುದು ಹಿಡಿಯಲ್ಪಟ್ಟವನ ಬಾಳಿನಲ್ಲಿ, ಹಿಡಿದವನ ವರದಿಯಲ್ಲಿ ಅಲ್ಲ.

ಗುರುಮಠದಲ್ಲಿರುವ ನಮ್ಮ ಕಿರಿಯ ಸಹೋದರರು ನಾಳೆ ಹಳ್ಳಿಯ ಶಾಲೆಗೆ, ಔಷಧಾಲಯಕ್ಕೆ, ವಿದ್ಯಾರ್ಥಿನಿಲಯಕ್ಕೆ ಹೋಗುವರು. ಅಲ್ಲಿ ಅವರು ಕೊಡುವ ಪ್ರತಿಯೊಂದು ಉಪಕಾರವನ್ನೂ ಯಾರೋ ಅನುಮಾನದಿಂದ ನೋಡುವರು. ಆಗ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಈ ಚರಿತ್ರೆ ಒದಗಿಸುತ್ತದೆ. ಉಪಕಾರ ಪಡೆದವನು ನಮ್ಮ ವಿಶ್ವಾಸಕ್ಕೆ ಬೇಡವೆಂದರೆ ಆ ಉಪಕಾರ ನಿಲ್ಲುವುದೋ? ನಿಲ್ಲುವುದಾದರೆ ದಾರ ನಮ್ಮ ಕೈಯಲ್ಲಿದೆ, ನಾವು ಗಾಳ ಹಾಕಿದ್ದೇವೆ, ಆಪಾದಕನ ಮಾತು ಸತ್ಯ. ನಿಲ್ಲದಾದರೆ ಯಾರ ಅನುಮಾನಕ್ಕೂ ಅಂಜಬೇಕಾಗಿಲ್ಲ, ನಾವು ನಂಬಿದ್ದನ್ನು ಹೇಳಲು ನಾಚಬೇಕಾಗಿಯೂ ಇಲ್ಲ. ಪ್ರಭುವು ಪೇತ್ರನಿಗೆ ಕೊಟ್ಟದ್ದು ಗಾಳವನ್ನಲ್ಲ. ದಡದಲ್ಲಿ ಕೆಂಡ ಹೊತ್ತಿಸಿ, ರೊಟ್ಟಿಯನ್ನೂ ಮೀನನ್ನೂ ಸಿದ್ಧಪಡಿಸಿ, ಇರುಳೆಲ್ಲ ದಣಿದವರನ್ನು ಉಣ್ಣಲು ಕರೆದವರು ಅವರು. ಮನುಷ್ಯರನ್ನು ಹಿಡಿಯುವ ಬೆಸ್ತರು ಮೊದಲು ಆ ಊಟಕ್ಕೆ ಕುಳಿತವರು, ತಾವು ಉಂಡ ಜಾಗಕ್ಕೆ ಇತರರನ್ನು ಕರೆತರುವವರು.